ನೆಪ್ಚೂನ್ ಕೈ ತೊಳೆಯೋಕೆ ಹೋಗಿದ್ದಾಳೆ

…ಇಲ್ಲ ಇಲ್ಲ, ನಿಮ್ಮ ಗುಂಡಿ ಕೈ ತೊಳೆಯೋಕೆ ಹೋಗಿದ್ದಾಳೆ ಅಷ್ಟೇ, ಇನ್ನೇನು ಬಂದ್ಬಿಡ್ತಾಳೆ. ನೀವು ಕೂತ್ಕೊಳ್ಳಿ ಗುಂಡಿಯಮ್ಮ. ಆ ಕುರ್ಚಿ ಬೇಡ, ಅದು ಮಂಗಳನದು, ಮೇಲೆಲ್ಲ ಅಂಟು ಚೆಲ್ಲಿದಾನೆ. ಇದರಲ್ಲಿ ಕೂತ್ಕೊಳ್ಳಿ. ಚಿಕ್ಕದು, ಗೊತ್ತು, ಮೊಣಕಾಲು ಗದ್ದಕ್ಕೆ ಬರುತ್ತೆ. ನಾಲ್ಕು ವರ್ಷದವರ ಕೋಣೆಗೆ ಬಂದ ದೊಡ್ಡವರಿಗೆಲ್ಲ ಅದೇ ಗತಿ. ಏನೋ ಹೇಳೋಕೆ ಬಾಯಿ ತೆಗೆದ್ರಿ… ಹೇಳಿ. ಏನೂ ಇಲ್ವಾ? ಸರಿ ಬಿಡಿ.

ಓಡಿ ಬಂದ ಹಾಗಿದೆ. ನಿಮ್ಮ ಹೊಲಿಗೆ ಅಂಗಡಿ ಇರೋದು ಇಲ್ಲೇ ರಸ್ತೆ ತಿರುವಿನಲ್ಲಿ, ಅಷ್ಟಕ್ಕೇ ಇಷ್ಟು ಏದುಸಿರಾ… ಕೈಗೇನಾಯ್ತು? ಕರ್ಚೀಫು ಸುತ್ತಿದ್ದೀರಲ್ಲ. ಸೂಜಿ ಚುಚ್ಚಿತಾ? ಮೆಷಿನ್ನಿನ ಸೂಜಿ ಬಲು ಕೆಟ್ಟದ್ದು ನೋಡಿ, ಉಗುರಿನೊಳಗೇ ಹೋಗುತ್ತೆ. ಉಗುರಲ್ವಾ? ಮಣಿಕಟ್ಟಾ? ಮಣಿಕಟ್ಟಿಗೆ ಸೂಜಿ ಹೇಗೆ… ಹೋಗ್ಲಿ, ನನಗೇನು ಗೊತ್ತು ನಿಮ್ಮ ಕಸುಬು.

ನನ್ನನ್ನ ಹೀಗೆ ಮೇಲಿಂದ ಕೆಳಗೆ ನೋಡಬೇಡಿ, ನೀವೇ ಹೊಲಿದದ್ದು. ಚೆನ್ನಾಗಿ ಕೂತಿದೆ. ನನ್ನ ಜೀವಮಾನದಲ್ಲಿ ನನಗೆ ಇಷ್ಟು ಸರಿಯಾಗಿ ಕೂತ ಬಟ್ಟೆ ಇದೊಂದೇ, ಅದೂ ಸೂರ್ಯನದು. ಕತ್ತಿನ ಸುತ್ತ ಇಷ್ಟುದ್ದ ಇಷ್ಟುದ್ದ ಕಿರಣ, ಒಳಗೆ ಕಾಲರಿಗೆ ಹಾಕೋ ಕ್ಯಾನ್ವಾಸು. ನಿನ್ನೆ ಅಳತೆ ನೋಡುವಾಗ ನೀವೇ ಹೇಳಿದ್ರಲ್ಲ, ‘ಮಿಸ್, ಇದನ್ನ ಮಡಿಸಬೇಡಿ, ಒಂದ್ಸಲ ಗೆರೆ ಬಿತ್ತು ಅಂದ್ರೆ ಇಸ್ತ್ರಿ ಹಾಕಿದ್ರೂ ಹೋಗಲ್ಲ’ ಅಂತ. ಮಡಿಸಿಲ್ಲ. ನೋಡಿ, ಮುಟ್ಟಿ ನೋಡಿ. ಅಷ್ಟು ಹುಷಾರಾಗಿಟ್ಟಿದ್ದೀನಿ. ಈ ಬಾಗಿಲಲ್ಲಿ ನಾನು ಹಿಡಿಸಲ್ಲ ಅಂತ ಬೆಳಿಗ್ಗೆ ನಮ್ಮ ಶಾಲೆಯ ಆಯಮ್ಮ ಇಲ್ಲೇ, ಕೋಣೆಯೊಳಗೇ, ನನ್ನನ್ನ ಇದರೊಳಗೆ ತುರುಕಿ ಬೆನ್ನ ಹಿಂದೆ ಹುಕ್ಕು ಹಾಕಿದ್ಲು. ಈಗ ಅವಳು ಬಂದು ಬಿಚ್ಚಿದ್ರೆ ಉಂಟು, ಇಲ್ಲದಿದ್ರೆ ನಾನು ನಿವೃತ್ತಿಯಾಗೋ ತನಕ ಸೂರ್ಯನೇ.

ಆಯಮ್ಮನಾ? ಆಯಮ್ಮ… ಗುಂಡಿ ಜೊತೆ ಹೋಗಿದ್ದಾಳೆ. ಕೈ ತೊಳೆಯೋಕೆ. ಹೌದು, ಇಬ್ಬರೂ.

ಏ ಬುಧ, ನಿಧಾನ ಕಣೋ. ನನ್ನ ಕಾಲಿಗೇ ಸುತ್ತಿಕೊಳ್ತಿದ್ದೀಯ. ಇವನೊಬ್ಬ ನೋಡಿ ಗುಂಡಿಯಮ್ಮ, ಬೆಳಿಗ್ಗೆಯಿಂದ ನಿಂತಿಲ್ಲ. ಬುಧ ಸೂರ್ಯನಿಗೆ ತೀರಾ ಹತ್ತಿರ, ಬೇಗ ಬೇಗ ಸುತ್ತುತ್ತೆ ಅಂದೆ. ಅಷ್ಟೇ ಅಂದದ್ದು. ಅವರಪ್ಪ ಇವನನ್ನ ಮನೆಗೆ ಹೇಗೆ ಕರ್ಕೊಂಡು ಹೋಗ್ತಾರೋ, ಕಂಬ ಕಂಡಲ್ಲೆಲ್ಲ ಸುತ್ತು ಹಾಕ್ತಾನಂತೆ.

ಇಲ್ಲ, ಎಣಿಸಬೇಡಿ. ಬೆರಳು ಕೆಳಗಿಡಿ. ಮಕ್ಕಳನ್ನ ಎಣಿಸೋದು ನನ್ನ ಕೆಲಸ, ನನ್ನ ಹಳೇ ಕೆಲಸವೂ ಅದೇ. ನಿಮಗೆ ಹೇಳಿಲ್ವಾ? ಈ ಶಾಲೆಗೆ ಬರೋ ಮುಂಚೆ ಪ್ರವಾಸದ ಗುಂಪು ಕರ್ಕೊಂಡು ಹೋಗ್ತಿದ್ದೆ. ಬಣ್ಣದ ಕೊಡೆ ಎತ್ತಿ ಹಿಡ್ಕೊಂಡು ನಾನು ಮುಂದೆ, ಬಸ್ಸಿನ ತುಂಬ ಜನ ನನ್ನ ಹಿಂದೆ. ವಿಮಾನ ನಿಲ್ದಾಣ, ಹಡಗುಕಟ್ಟೆ, ಅರಮನೆ, ಸಂತೆ… ಬಸ್ಸು ಹೊರಡೋ ಮುಂಚೆ ತಲೆ ಎಣಿಸ್ತಿದ್ದೆ. ಒಬ್ಬರನ್ನೂ ಕಳೆದಿಲ್ಲ. ಒಬ್ಬನನ್ನ ಬಿಟ್ಟು ಬಂದೆ, ದೋಣಿ ಕಟ್ಟೆ ಹತ್ರ, ಅದಕ್ಕೆ ಅವನ ಹೆಂಡತಿಯೇ ‘ಹೊರಡಿ ಹೊರಡಿ, ಅವರಿಗೆ ಇಲ್ಲೇ ಹಿಡಿಸಿದೆ’ ಅಂದ್ಲು. ಅದು ಲೆಕ್ಕಕ್ಕಿಲ್ಲ.

ಯಾಕೆ ನಗಲ್ಲ ನೀವು? ಈ ಕಥೆ ಹೇಳಿದ್ರೆ ಎಲ್ಲರೂ ನಗ್ತಾರೆ.

ಸರಿ, ಇವತ್ತಿನ ವಿಷಯ ಹೇಳ್ತೀನಿ. ನಿಮಗೂ ತಿಳೀಬೇಕಲ್ಲ, ಎಂಟು ಗ್ರಹಕ್ಕೂ ಬಟ್ಟೆ ಹೊಲಿದೋರು ನೀವು. ಇನ್ನೇನು ಗಂಟೆ ಹೊಡೆದ ಮೇಲೆ ದೊಡ್ಡ ಮಿಸ್ಸು ಆಡಳಿತ ಮಂಡಳಿಯವರನ್ನ ಕರ್ಕೊಂಡು ಬರ್ತಾರೆ. ‘ಪುಟ್ಟ ಮಕ್ಕಳಿಗೆ ಅಂತರಿಕ್ಷದ ಪರಿಚಯ.’ ಅದನ್ನ ನೋಡಿ, ಮೆಚ್ಚಿದ್ರೆ, ನನ್ನ ಕೆಲಸ ಕಾಯಂ. ಮೆಚ್ಚದಿದ್ರೆ ನಾನು ಮತ್ತೆ ಕೊಡೆ ಹುಡುಕಬೇಕು. ಈ ವಯಸ್ಸಿಗೆ ಕೊಡೆ ಎತ್ತಿದ್ರೆ ಭುಜ ಹಿಡ್ಕೊಳ್ಳುತ್ತೆ. ಅದಕ್ಕೇ ಬೆಳಿಗ್ಗೆ ಒಂದು ಸಲ ಅಭ್ಯಾಸ ಮಾಡಿಸೋಣ ಅಂತ…

ಪುಸ್ತಕದಲ್ಲಿ ಗ್ರಹಗಳ ಚಿತ್ರ ನೋಡಿದ್ದೀರಲ್ಲ? ಎಲ್ಲ ಒಂದರ ಪಕ್ಕ ಒಂದು, ಬಸ್ಸಿಗೆ ಕಾಯೋರ ಹಾಗೆ. ಶುದ್ಧ ಸುಳ್ಳು. ಊರೂರು ತಿರುಗಿದೋಳು ನಾನು, ದೂರ ಅಂದ್ರೆ ಏನು ಅಂತ ನನಗೆ ಗೊತ್ತು. ಭೂಮಿಯನ್ನ ಸೂರ್ಯನಿಂದ ಎರಡು ಹೆಜ್ಜೆ ಆಚೆ ನಿಲ್ಲಿಸಿದ್ರೆ ನೆಪ್ಚೂನನ್ನ ಅರವತ್ತು ಹೆಜ್ಜೆ ಆಚೆ ನಿಲ್ಲಿಸಬೇಕು. ಲೆಕ್ಕ ಇದು, ನಾನು ಮಾಡಿದ್ದಲ್ಲ. ಮಕ್ಕಳಿಗೆ ಸುಳ್ಳು ಹೇಳಬಾರದು ಅಂತ… ಕೆಮ್ಮಿದ್ರಾ? ನೀರು ಕುಡೀರಿ.

ಅದಕ್ಕೆ ದೂರದ ಪ್ರಕಾರವೇ ಬಿಟ್ಟೆ. ಬುಧ, ಶುಕ್ರ, ಭೂಮಿ, ಮಂಗಳ ಕೋಣೆಯೊಳಗೆ. ಗುರು ಕಾರಿಡಾರಿನಲ್ಲಿ. ಶನಿ ಅಂಗಳದಲ್ಲಿ. ಯುರೇನಸ್ ಕಟ್ಟಡದ ಸುತ್ತ. ನೆಪ್ಚೂನ್… ನಿಮ್ಮ ಗುಂಡಿ, ಅದರಾಚೆ.

ಇಲ್ಲ, ಗೇಟಿನಾಚೆ ಅನ್ನಲಿಲ್ಲ ನಾನು. ‘ಅದರಾಚೆ’ ಅಂದೆ.

ಭೂಮಿ, ನೀನು ಸುಮ್ನಿರು. ದೊಡ್ಡೋರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಅವಳಿಗೆ ಕಲ್ಪನೆ ಜಾಸ್ತಿ ಗುಂಡಿಯಮ್ಮ. ನಿನ್ನೆ ಇವಳೇ ಹೇಳಿದ್ಲು, ಅವರಜ್ಜಿ ಫ್ರಿಜ್ಜಿನೊಳಗೆ ಮಲಗ್ತಾರೆ ಅಂತ. ಗುಂಡಿ ಗೇಟು ದಾಟಿ ಹೋದ್ಲು ಅನ್ನೋದೂ ಅದೇ ಥರ.

ಶನಿ ನೋಡಿ ಎಷ್ಟು ಚೆನ್ನಾಗಿದಾನೆ. ನಿಮ್ಮ ಉಂಗುರ ಅವನಿಗೆ ಒಪ್ಪುತ್ತೆ. ಇವರಪ್ಪ, ಬ್ಯಾಂಕಿನ ಗುಮಾಸ್ತರು, ನಿನ್ನೆ ಬಂದು ಒಂದೇ ಜಗಳ. ‘ನಮ್ಮ ಮಗನೇ ನಿಮಗೆ ಶನಿ ಆಗಿ ಕಂಡನಾ? ಗುರು ಮಾಡಿ’ ಅಂತ. ಸಾರ್, ಗುರುವಿನ ಜಾಗದಲ್ಲಿ ಆಗಲೇ ಬೇಕರಿಯವರ ಮಗ ಇದಾನೆ, ಅವನ ಗಾತ್ರ ನೋಡಿ, ಅವನನ್ನ ಬುಧ ಮಾಡೋಕಾಗುತ್ತಾ ಅಂದೆ. ಮನೇಲಿ ಹೆಂಡತಿ ಬೆಳಿಗ್ಗೆ ಬೆಳಿಗ್ಗೆ ‘ಏಳೋ ಶನಿ’ ಅಂತಾಳಂತೆ, ಹುಡುಗ ‘ಥ್ಯಾಂಕ್ಯೂ’ ಅಂತಾನಂತೆ. ಅದಕ್ಕೆ ಅಪ್ಪನಿಗೆ ಸಂಕಟ. ನಾನೇನು ಮಾಡಲಿ?

ಆ ಮೂಲೇಲಿ ಇರೋಳು ಮಲಗಿಲ್ಲ. ಯುರೇನಸ್. ಅದು ನಿಜವಾಗಲೂ ಪಕ್ಕಕ್ಕೆ ವಾಲಿಕೊಂಡೇ ಸುತ್ತೋದು. ಗೊರಕೆ… ಗೊರಕೆ ಮಾತ್ರ ಅವಳ ಸ್ವಂತದ್ದು.

ಈಗ ನಕ್ರಿ. ನನ್ನನ್ನ ನೋಡಿ ಅಲ್ಲ. ನನ್ನ ಹಿಂದೆ ಏನಿದೆ? ಕಿಟಕಿ. ಕಿಟಕಿಯ ಕೆಳಗಿನ ಅರ್ಧಕ್ಕೆ ನಕ್ಷತ್ರದ ಚಿತ್ರ ಅಂಟಿಸಿದ್ದೀವಿ, ಅದನ್ನ ನೋಡಿ ನಕ್ರಾ? ಮಂಗಳ ಬರೆದದ್ದು, ಮೊಟ್ಟೆ ಹಾಗಿದೆ. ನಾನು ತಿರುಗಿ ನೋಡೋಕಾಗಲ್ಲ. ತಿರುಗಿದ್ರೆ ಈ ಕಿರಣ ಹೋಗಿ ಅಲ್ಲಿರೋ ಬಣ್ಣದ ಬಾಟ್ಲಿಗಳನ್ನೆಲ್ಲ ಕೆಡವುತ್ತೆ. ಸೂರ್ಯ ಜಾಗ ಬಿಟ್ಟು ಕದಲಲ್ಲ, ಅದು ಮೊದಲನೇ ಪಾಠ. ಕದಲಿದ್ರೆ ಎಲ್ಲ ಗ್ರಹಗಳೂ ದಿಕ್ಕಾಪಾಲು.

ಎರಡನೇ ಪಾಠ ಗ್ರಹಗಳಿಗೆ. ಗ್ರಹ ನಿಲ್ಲಲ್ಲ, ತಿರುಗಿ ನೋಡಲ್ಲ, ಯಾರು ಕರೆದ್ರೂ ಮಾತಾಡಲ್ಲ. ಯಾರಾದ್ರೂ ಹಿಡಿದ್ರೆ ಬಿಡಿಸ್ಕೊಂಡು ಹೋಗ್ತಾ ಇರುತ್ತೆ. ಸೂರ್ಯ ಚಪ್ಪಾಳೆ ತಟ್ಟಿದ ಮೇಲೇ ನಿಲ್ಲೋದು. ಹಾಗಂತ ಹೇಳಿಕೊಟ್ಟೆ. ಇಲ್ಲದಿದ್ರೆ ಶುಕ್ರ ನೋಡಿ, ಎರಡು ಹೆಜ್ಜೆಗೊಮ್ಮೆ ನಿಂತು ಜಡೆ ಸರಿ ಮಾಡ್ಕೊಳ್ತಾಳೆ. ಮಂಡಳಿಯವರ ಮುಂದೆ ಹಾಗಾಗಬಾರದಲ್ಲ.

ಗುಂಡಿ ಒಬ್ಬಳೇ ಕೈ ಎತ್ತಿದ್ಲು. ನಿಮ್ಮ ಮಗಳಲ್ವಾ, ಅಳತೆ ತೆಗೆಯದೆ ಏನನ್ನೂ ಒಪ್ಪಲ್ಲ. ‘ಮಿಸ್, ಅಂತರಿಕ್ಷದಲ್ಲಿ ಗಾಳಿ ಇಲ್ಲ, ಸದ್ದು ಕೇಳಲ್ಲ ಅಂತ ಸೋಮವಾರ ಹೇಳಿದ್ರಿ. ಮತ್ತೆ ಚಪ್ಪಾಳೆ ಹೇಗೆ ಕೇಳುತ್ತೆ?’ ನಾಲ್ಕು ವರ್ಷ ಗುಂಡಿಯಮ್ಮ. ನಾನು ‘ಕೇಳುತ್ತೆ ಹೋಗೇ’ ಅಂದೆ.

ತಟ್ಟಿದೆ. ತಟ್ಟಿದೆ ಅಂತಿದ್ದೀನಲ್ಲ. ಒಂದು ಸುತ್ತಾದ ಮೇಲೆ ತಟ್ಟಿದೆ. ಒಳಗಿದ್ದೋರು ನೋಡಿದ್ರು, ನಿಂತ್ರು, ಬುಧನನ್ನ ಬಿಟ್ಟು. ಗುರು ಬಾಗಿಲಲ್ಲಿ ಇಣುಕಿ ನೋಡಿ ಬಂದ. ಶನಿ ಅಂಗಳದಿಂದ ಬಂದ. ಯುರೇನಸ್ ಸುಸ್ತಾಗಿ ತಾನೇ ಬಂದು ಬಿದ್ಕೊಂಡ್ಲು.

ಹೌದು, ಈ ಕೈಗವಸು ಹಾಕ್ಕೊಂಡೇ ತಟ್ಟಿದೆ. ಬಿಚ್ಚೋಕೆ ಬರಲ್ವಲ್ಲ, ತೋಳಿಗೇ ಸೇರಿಸಿ ಹೊಲಿದಿದ್ದೀರಿ. ಹತ್ತಿ ತುಂಬಿ, ದಿಂಬಿನ ಹಾಗೆ. ನೋಡಿ… ಇಷ್ಟೇ ಸದ್ದು. ಪಕ್ಕದಲ್ಲಿ ನಿಂತೋರಿಗೂ ಕೇಳಲ್ಲ. ನಾನು ನಿಮ್ಮನ್ನ ದೂರ್ತಿಲ್ಲ. ‘ಸೂರ್ಯನ ಕೈ ದುಂಡಗಿರಲಿ’ ಅಂತ ಕೇಳಿದ್ದು ನಾನೇ. ಯಾರ ತಪ್ಪೂ ಅಲ್ಲ. ಯಾರ ತಪ್ಪು ಅನ್ನೋದಕ್ಕೆ ಏನಾಗಿದೆ ಈಗ? ಏನೂ ಆಗಿಲ್ಲ.

ಹಾಗೆ ನೋಡಬೇಡಿ. ಅವಳು ನೀರು ಕುಡಿಯೋಕೆ ಹೋಗಿದ್ದಾಳೆ.

ಕೈ ತೊಳೆಯೋಕೆ ಅಂದೆನಾ? ಕೈ ತೊಳೆದು ನೀರು ಕುಡಿದು… ನೆಪ್ಚೂನ್ ಅಂದ್ರೆ ಸುಮ್ಮನೆ ಅಲ್ಲ. ಸೂರ್ಯನ ಬೆಳಕೇ ಅಲ್ಲಿಗೆ ಮುಟ್ಟೋಕೆ ನಾಲ್ಕು ಗಂಟೆ ಬೇಕು. ಒಂದು ಸುತ್ತು ಮುಗಿಯೋಕೆ ನೂರ ಅರವತ್ತೈದು ವರ್ಷ. ಅವಸರ ಮಾಡೋಕಾಗಲ್ಲ. ಸ್ವಲ್ಪ ತಡ ಆಗುತ್ತೆ. ಆಯಮ್ಮ ಹೋಗಿದ್ದಾಳಲ್ಲ ಹಿಂದೆ, ಗೇಟಿನ ತಾತನೂ ಹೋಗಿದ್ದಾನೆ… ಅಂದ್ರೆ, ತಾತ ಅವನ ಕೆಲಸಕ್ಕೆ ಹೋಗಿದ್ದಾನೆ.

ಮತ್ತೆ ಕಿಟಕಿ. ಏನಿದೆ ಅಲ್ಲಿ? ಎರಡು ನಿಮಿಷಕ್ಕೊಮ್ಮೆ ನಿಮ್ಮ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತೆ, ಟೆನಿಸ್ ನೋಡೋರ ಹಾಗೆ. ಗುಂಡಿಯಮ್ಮ, ಏನಾದ್ರೂ ಮಾತಾಡಿ. ಅಳತೆ ಕೊಡೋಕೆ ಬಂದ್ರೆ ನನ್ನ ತಲೆ ತಿಂದು ಹಾಕೋ ಹೆಂಗಸು ನೀವು. ನಿಮ್ಮ ಅಂಗಡೀಲಿ ಒಂದು ರವಿಕೆ ಮುಗಿಯೋದ್ರೊಳಗೆ ಊರಿನ ಮದುವೆ ಮುಂಜಿ ಎಲ್ಲ ಮುಗಿಸ್ತೀರಿ. ಇವತ್ತು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ಹಾಗೆ ಕೂತಿದ್ದೀರಿ.

ಬಂದಾಗ ಏನೋ ಹೇಳೋಕೆ ಬಾಯಿ ತೆಗೆದಿದ್ರಿ. ನಾನು ‘ಕೈ ತೊಳೆಯೋಕೆ ಹೋಗಿದ್ದಾಳೆ’ ಅಂದೆ. ನೀವು ಬಾಯಿ ಮುಚ್ಚಿದ್ರಿ.

ಮಂಗಳ, ಅದನ್ನ ಬಾಯಿಂದ ತೆಗಿ. ಕೆಂಪು ಬಣ್ಣ ತಿಂದ್ರೆ ಮಂಗಳ ಆಗಲ್ಲ. ತೆಗಿ.

ಒಂದು ಮಾತು ಕೇಳ್ತೀನಿ ಗುಂಡಿಯಮ್ಮ. ಈ ಬಾಗಿಲಲ್ಲಿ ಎಷ್ಟು ತಾಯಂದಿರು ಬಂದು ಹೋಗ್ತಾರೆ. ಒಳಗೆ ಕಾಲಿಟ್ಟ ತಕ್ಷಣ ಮೊದಲು ಕಣ್ಣು ಹುಡುಕೋದು ತಮ್ಮ ಮಗೂನ. ಚಪ್ಪಲಿ ಬಿಡೋದೂ ಆಮೇಲೆ. ನೀವು ಬಂದು ಇಷ್ಟು ಹೊತ್ತಾಯ್ತು. ಒಂದು ಸಲ, ಒಂದೇ ಒಂದು ಸಲ, ‘ನನ್ನ ಮಗಳೆಲ್ಲಿ’ ಅಂತ ಕೇಳಲಿಲ್ಲ. ಶನಿಯ ಉಂಗುರ ನೋಡಿದ್ರಿ, ಗುರುವಿನ ಅಂಚು ಬಿಚ್ಚಿದ್ದು ನೋಡಿದ್ರಿ. ಈಗ ನನ್ನ ಕಿರಣಗಳನ್ನ ನೋಡ್ತಿದ್ದೀರಿ. ಒಂದೊಂದಾಗಿ.

ಯಾಕೆ ಹಾಗೆ ನೋಡ್ತಿದ್ದೀರಿ? ಚೆನ್ನಾಗೇ ಇದಾವಲ್ಲ. ಒಂದೂ…

ಒಂದೂ ಮಡಿಸಿಲ್ಲ.

ಓ.

ಅದನ್ನೇ ನೋಡ್ತಿದ್ದೀರಿ. ಒಂದು ಕಿರಣಕ್ಕೂ ಗೆರೆ ಬಿದ್ದಿಲ್ಲ. ಈ ಬಾಗಿಲು ದಾಟೋಕೆ ಒಂದೇ ಒಂದು ಸಲ ಪ್ರಯತ್ನ ಪಟ್ಟಿದ್ರೂ ಗೆರೆ ಬೀಳ್ತಿತ್ತು. ಇಸ್ತ್ರಿಗೂ ಹೋಗದ ಗೆರೆ. ನೀವೇ ಹೇಳಿದ್ರಿ.

ಏಳು ಮಕ್ಕಳನ್ನ ಬಿಟ್ಟು ಹೇಗೆ ಹೋಗಲಿ ಅಂತ… ಹಾಗನ್ಕೊಂಡೆ. ಆಯಮ್ಮನನ್ನ ಇಲ್ಲಿ ಕೂರಿಸಿ ನಾನು ಓಡಬಹುದಿತ್ತು. ಅವಳಿಗೆ ಮಂಡಿ ನೋವು, ಅವಳನ್ನೇ ಓಡಿಸಿದೆ. ಮಂಡಳಿಯವರು ಬಂದಾಗ ಸೂರ್ಯ ಮುದುರಿಕೊಂಡಿರಬಾರದು ಅಂತ ನೆಟ್ಟಗೆ ನಿಂತೆ. ಇಲ್ಲೇ. ಜಾಗ ಬಿಡದೆ. ಗುಂಡಿಯಮ್ಮ, ಅವಳು ಕೈ ತೊಳೆಯೋಕೆ ಹೋಗಿಲ್ಲ. ನೀರು ಕುಡಿಯೋಕೂ ಹೋಗಿಲ್ಲ. ಗೇಟಿನಾಚೆ ಹೋದ್ಲು, ಬರಲಿಲ್ಲ. ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿಲ್ಲ.

ನಿಮಗೆ ಗೊತ್ತಾ?

ಏನು… ಯಾಕೆ ಎದ್ರಿ? ಹೊಡೀತೀರಾ? ಹೊಡೀರಿ. ತಿರುಗಬೇಕಾ? ಆ ಬಾಟ್ಲಿ… ಆಯ್ತು, ಬೀಳಲಿ. ಬಿದ್ದೇ ಹೋಯ್ತು. ಭೂಮಿ, ಆ ಕಡೆ ಕಾಲಿಡಬೇಡಮ್ಮ, ಗಾಜು. ಎಲ್ಲರೂ ಗೋಡೆ ಹತ್ರ ಹೋಗಿ.

ಅಯ್ಯೋ ದೇವರೇ.

ಅವಳೇ. ನೀಲಿ ಟೋಪಿ. ಎಷ್ಟು ನೆಟ್ಟಗೆ ನಡೀತಿದ್ದಾಳೆ ನೋಡಿ, ಪಕ್ಕಕ್ಕೂ ನೋಡಲ್ಲ. ಹಿಂದೆ ಆಯಮ್ಮ, ಕುಂಟ್ತಾ. ಅವಳ ಹಿಂದೆ ಗೇಟಿನ ತಾತ. ಆಮೇಲೆ ಯಾರದು, ಇಸ್ತ್ರಿ ಅಂಗಡಿಯವನಾ? ಔಷಧಿ ಅಂಗಡಿಯವರು ಬಿಳಿ ಕೋಟಲ್ಲೇ ಬಂದಿದ್ದಾರಲ್ಲ. ಆ ಛತ್ರಿ ಹಿಡಿದ ಹೆಂಗಸು ಯಾರು? ಗೊತ್ತಿಲ್ವಾ? ಸುಮ್ಮನೆ ಸೇರ್ಕೊಂಡ್ರಾ? ಒಂದು ಊರೇ ನಡೀತಿದೆ ನಿಮ್ಮ ಮಗಳ ಹಿಂದೆ. ನನ್ನ ಕೊಡೆ ಹಿಂದೆ ಒಂದು ದಿನವೂ ಇಷ್ಟು ಶಿಸ್ತಾಗಿ ಯಾರೂ ನಡೆದಿಲ್ಲ.

ನಿಮ್ಮ ಅಂಗಡಿಗೆ ಬಂದಿದ್ಲಾ? ತಲೆ ಆಡಿಸ್ತೀರಿ. ಮೆಷಿನ್ ಸುತ್ತ ಒಂದು ಸುತ್ತು ಹಾಕಿ ಹೊರಟ್ಳಾ? ನೀವು ಹಿಡ್ಕೊಂಡ್ರಿ… ಕರ್ಚೀಫು ಬಿಚ್ಚಿ. ತೋರಿಸಿ. ಎಷ್ಟು ಸಾಲಾಗಿದೆ ಹಲ್ಲಿನ ಗುರುತು. ಹಿಡಿದ್ರೆ ಬಿಡಿಸ್ಕೊಂಡು ಹೋಗಬೇಕು ಅಂತ ಹೇಳಿಕೊಟ್ಟೋಳು ನಾನು. ಹೇಗೆ ಅಂತ ಹೇಳಿರಲಿಲ್ಲ, ಅದು ಅವಳದೇ ಬುದ್ಧಿ.

ಸೂರ್ಯ ಚಪ್ಪಾಳೆ ತಟ್ಟಿದ್ರೇ ನಿಲ್ಲೋದು ಅಂತ ಹಿಂದೆ ಬಂದ ಆಯಮ್ಮ ಹೇಳಿರಬೇಕು, ತಟ್ಟಿ ನಿಲ್ಲಿಸಿ ಅಂತ ನನಗೆ ಹೇಳೋಕೆ ಓಡಿ ಬಂದ್ರಿ. ನಾನು ಬಾಗಿಲಲ್ಲೇ ಸುಳ್ಳು ಹೇಳಿದೆ. ಅದಕ್ಕೆ ಕೂತ್ಕೊಂಡ್ರಿ. ಎಷ್ಟು ದೂರ ಹೋಗ್ತೀನಿ ನೋಡೋಣ ಅಂತ. ತುಂಬ ದೂರ ಹೋದೆ ಗುಂಡಿಯಮ್ಮ. ನೆಪ್ಚೂನಿಗಿಂತ ದೂರ.

ಕತ್ತರಿ ಇದೆಯಾ? ಸೊಂಟದಲ್ಲೇ ಇದೆಯಲ್ಲ. ಈ ಹೊಲಿಗೆ ಕತ್ತರಿಸಿ, ಕೈಗವಸು ಬಿಚ್ಚಿ. ಅಷ್ಟು ನಾಜೂಕು ಬೇಡ, ಹರೀರಿ. ಆಹ್, ಕೈ ಬಂತು. ಕಿಟಕಿ ತೆಗೀರಿ. ಬರಲಿ, ಈ ಕಡೆ ಬರಲಿ…

ತಟ್ಟಿದೆ. ಕೇಳಿಸ್ತಾ? ಆಯಮ್ಮ ನಿಂತ್ಲು. ತಾತ ನಿಂತ. ಬಿಳಿ ಕೋಟೂ ನಿಂತ್ರು. ಎಲ್ಲರೂ ನಿಂತ್ರಲ್ಲ, ಅವಳೊಬ್ಬಳು… ಗುಂಡೀ. ಏ ಗುಂಡೀ, ಮುಗೀತು ಕಣೇ, ನಿಲ್ಲು.

ಏನಂತಿದ್ದಾಳೆ? ಮಾತಾಡಲ್ಲ, ಗ್ರಹ. ಬೆರಳು ಕಿವಿಗೆ ತೋರಿಸಿ ಕೈ ಅಲ್ಲಾಡಿಸ್ತಿದ್ದಾಳೆ. ಸದ್ದು ಕೇಳಲ್ಲ ಅಂತ. ಅಂತರಿಕ್ಷದಲ್ಲಿ ಗಾಳಿ ಇಲ್ಲ ಅಂತ.

ಸೋಮವಾರದ ಪಾಠ.

ಹೋದ್ಲು. ಮತ್ತೆ ಹಿತ್ತಿಲಿನ ಕಡೆ ಹೋದ್ಲು. ಕಾಲು ಎಳೀತಿದ್ದಾಳೆ ಗುಂಡಿಯಮ್ಮ, ನೋಡಿದ್ರಾ? ಸುಸ್ತಾಗಿದ್ದಾಳೆ. ಸುಸ್ತಾದ್ರೂ ನಿಲ್ಲಲ್ಲ, ನಾನು ಹೇಳಿದ್ದೀನಲ್ಲ.

ಹುಕ್ಕು ಮುಟ್ಟಬೇಡಿ. ಬಿಚ್ಚಬೇಡಿ. ಇದನ್ನ ಬಿಚ್ಚಿ ಹೋದ್ರೆ ನಾನು ಬರೀ ಮಿಸ್, ಬರೀ ಮಿಸ್ ಮಾತು ಅವಳು ಯಾಕೆ ಕೇಳಬೇಕು? ಹೀಗೇ ಹೋಗ್ತೀನಿ. ಸರೀರಿ ಸ್ವಲ್ಪ, ಕಿರಣ ತಾಗುತ್ತೆ. ಬುಧ, ಕಾಲು ಬಿಡೋ ರಾಜ. ಪಕ್ಕಕ್ಕೆ ತಿರುಗಿದ್ರೆ… ಇಲ್ಲ, ಹಿಡಿಸಲ್ಲ. ತಳ್ಳಿ. ಹಿಂದಿನಿಂದ ತಳ್ಳಿ ಗುಂಡಿಯಮ್ಮ. ಇನ್ನೂ ಜೋರಾಗಿ. ಮಡಿಸ್ಕೊಳ್ಳಲಿ, ಮುರೀಲಿ. ಆ ಸದ್ದು ಕೇಳಿ, ಕ್ಯಾನ್ವಾಸು ಹೋಯ್ತು. ಒಂದು ಹೋಯ್ತು. ಇನ್ನೊಂದೂ ಹೋಯ್ತು.

ನಮಸ್ಕಾರ ದೊಡ್ಡ ಮಿಸ್. ನಮಸ್ಕಾರ ಸಾರ್, ನಮಸ್ಕಾರ ಮೇಡಂ. ಬೇಗ ಬಂದ್ಬಿಟ್ರಿ. ಇಲ್ಲ, ಸೂರ್ಯ ಹೀಗೇ ಇರೋದು, ಹತ್ತಿರದಿಂದ ನೋಡಿದ್ರೆ. ಸ್ವಲ್ಪ ದಾರಿ ಬಿಡಿ. ಒಳಗೆ ಹೋಗಬೇಡಿ, ಗಾಜು ಬಿದ್ದಿದೆ. ಆಮೇಲೆ ಎಲ್ಲ ಹೇಳ್ತೀನಿ, ಏನಾಯ್ತೋ ಅದನ್ನೇ ಹೇಳ್ತೀನಿ, ಈಗ ನನ್ನದೊಂದು ಗ್ರಹ ಹೊರಗಿದೆ.

ಗುಂಡಿಯಮ್ಮ, ನೀವು ಇಲ್ಲೇ ಇರ್ತೀರಲ್ಲ? ಅವಳು ನಿಲ್ಲದಿದ್ರೆ ಚಿಂತೆ ಇಲ್ಲ, ನಾನೂ ಪಕ್ಕದಲ್ಲಿ ನಡೀತೀನಿ, ಅವಳ ಸುತ್ತು ಎಲ್ಲಿ ಮುಗಿಯುತ್ತೋ ಅಲ್ಲಿವರೆಗೆ. ಒಳಗೆ ಏಳು ಇದಾವೆ. ಎಣಿಸಬೇಡಿ ಅಂದಿದ್ದೆನಲ್ಲ… ಎಣಿಸಿ. ನಾನು ಬರೋ ತನಕ ಎಣಿಸ್ತಾನೇ ಇರಿ.